ಹಗ್ಗಕ್ಕೆ ನಿಧಾನಗತಿಯಿಲ್ಲ: ಸ್ಕಿಪ್ಪಿಂಗ್ ಮತ್ತು ಹೃದಯದ ವ್ಯಾಯಾಮ

(ಬೆಂಗಳೂರಿನ ಜಯನಗರದಲ್ಲಿ ಬಡಾವಣೆಯ ನಿವಾಸಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಸಮಯದ ಅಭಾವದಿಂದ ಅಂದು ಹೇಳಲಾಗದೆ ಉಳಿದ ಕೆಲವು ವಿವರಗಳನ್ನೂ ಇಲ್ಲಿ ಸೇರಿಸಿದ್ದೇನೆ.)

ಮಾನ್ಯರೇ,

ಜಿಮ್‌ಗೆ ಸೇರಿ ಬಿಟ್ಟವರು, ಸೇರಬೇಕೆಂದುಕೊಂಡೇ ವರ್ಷ ಕಳೆದವರು, ಸೇರಿದ್ದರೂ ಸಿಲ್ಕ್ ಬೋರ್ಡ್ ದಾಟಿ ಮನೆ ಮುಟ್ಟುವ ಹೊತ್ತಿಗೆ ಮತ್ತೆ ಹೊರಗೆ ಹೊರಡುವ ಚೈತನ್ಯ ಉಳಿಯದವರು, ಈ ಮೂರೂ ಬಗೆಯವರು ನನ್ನನ್ನು ಕೇಳುವ ಪ್ರಶ್ನೆ ಒಂದೇ: ಟ್ರೆಡ್‌ಮಿಲ್ಲಿನ ಬದಲು ಮನೆಯಲ್ಲೇ ಸ್ಕಿಪ್ಪಿಂಗ್ ಮಾಡಿದರೆ ಸಾಕೇ? ಆರೋಗ್ಯವಂತರಿಗೆ ಸಾಕು ಎಂಬುದೇ ನನ್ನ ಉತ್ತರ. ಆದರೆ ಆ ಉತ್ತರಕ್ಕೆ ಒಂದು ಷರತ್ತಿದೆ. ಟ್ರೆಡ್‌ಮಿಲ್ಲಿನ ಬದಲಿಗೆ ಹಗ್ಗ ಹಿಡಿಯಬಹುದು, ಟ್ರೆಡ್‌ಮಿಲ್ಲನ್ನು ಬಳಸಿದ ಹಾಗೆಯೇ ಹಗ್ಗವನ್ನು ಬಳಸಬಾರದು. ದೈಹಿಕ ಶಿಕ್ಷಣ ಕಲಿಸುತ್ತ ಬಂದಿರುವ ನನಗೆ, ಉತ್ಸಾಹದಿಂದ ಹಗ್ಗ ಕೊಂಡ ಅನೇಕರು ತಿಂಗಳೊಳಗೆ ಅದನ್ನು ಮೂಲೆಗೆ ಹಾಕುವುದಕ್ಕೆ ಈ ವ್ಯತ್ಯಾಸವನ್ನು ಯಾರೂ ತಿಳಿಸಿ ಹೇಳದಿರುವುದೇ ಮುಖ್ಯ ಕಾರಣವೆಂದು ಅನ್ನಿಸಿದೆ. ಇವತ್ತಿನ ನನ್ನ ಮಾತೆಲ್ಲ ಆ ವ್ಯತ್ಯಾಸದ ಕುರಿತೇ ಇರುತ್ತದೆ.

ಮೊದಲಿಗೆ, ಕಾರ್ಡಿಯೋ ಎಂದು ಕರೆಯುವ ವ್ಯಾಯಾಮದಿಂದ ದೇಹದಲ್ಲಿ ಆಗುವುದೇನು ಎಂಬುದನ್ನು ನೋಡೋಣ. ಕಾಲು, ತೊಡೆ, ಸೊಂಟದಂತಹ ದೊಡ್ಡ ಸ್ನಾಯುಗಳು ಒಂದೇ ಲಯದಲ್ಲಿ ಕೆಲವು ನಿಮಿಷ ಕೆಲಸ ಮಾಡಿದಾಗ ಅವುಗಳಿಗೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಅದನ್ನು ಒದಗಿಸಲು ಹೃದಯ ವೇಗವಾಗಿ ಮಾತ್ರವಲ್ಲ, ಪ್ರತಿ ಬಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳಲು ಕಲಿಯುತ್ತದೆ. ವಾರಗಟ್ಟಲೆ ಇದು ನಡೆದರೆ ಸುಮ್ಮನೆ ಕುಳಿತಿರುವಾಗಿನ ನಾಡಿಮಿಡಿತ ಇಳಿಯುತ್ತದೆ, ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ, ರಕ್ತದಲ್ಲಿನ ಸಕ್ಕರೆಯನ್ನು ಬಳಸಿಕೊಳ್ಳುವ ಶಕ್ತಿ ಸುಧಾರಿಸುತ್ತದೆ. ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಸಮೀಕ್ಷೆ 2023ರಲ್ಲಿ ಪ್ರಕಟಿಸಿದ ಮೇಲೆ, ಈ ಕೊನೆಯ ಪ್ರಯೋಜನವೊಂದೇ ನಮ್ಮಲ್ಲಿ ಅನೇಕರಿಗೆ ಸಾಕಷ್ಟು ಕಾರಣವಾಗಬೇಕು. ಈ ಬದಲಾವಣೆಗಳಾಗಲು ಬೇಕಾಗಿರುವುದು ತಕ್ಕ ತೀವ್ರತೆಯ ಕೆಲಸ ಮತ್ತು ಅದರ ನಿಯಮಿತ ಪುನರಾವರ್ತನೆ. ಆ ಕೆಲಸ ಓಡುವ ಪಟ್ಟಿಯ ಮೇಲೆ ನಡೆಯಿತೋ ಮನೆಯ ತಾರಸಿಯ ಮೇಲೆ ನಡೆಯಿತೋ ಎಂಬುದು ಇಲ್ಲಿ ಮುಖ್ಯವಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ತೀವ್ರತೆಯ ವ್ಯಾಯಾಮವನ್ನಾಗಲಿ, 75ರಿಂದ 150 ನಿಮಿಷಗಳ ಹೆಚ್ಚಿನ ತೀವ್ರತೆಯ ವ್ಯಾಯಾಮವನ್ನಾಗಲಿ, ಎರಡನ್ನೂ ಬೆರೆಸಿಯಾಗಲಿ ಮಾಡಬೇಕು. ಇದರ ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ತುಂಬುವ ವ್ಯಾಯಾಮವೂ ಇರಬೇಕು. ಅದೇ ಸಂಸ್ಥೆಯ ಹಿಂದಿನ ಮಾರ್ಗಸೂಚಿಯಲ್ಲಿ, ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಮಾಡಿದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ ಎಂಬ ನಿಯಮವಿತ್ತು. 2020ರಲ್ಲಿ ಅದನ್ನು ಕೈಬಿಡಲಾಯಿತು. ಈ ಚಿಕ್ಕ ತಿದ್ದುಪಡಿಗೆ ನಮ್ಮ ಪತ್ರಿಕೆಗಳಲ್ಲಿ ಸಿಗಬೇಕಾದಷ್ಟು ಗಮನ ಸಿಗಲಿಲ್ಲ ಎಂದು ನನ್ನ ಭಾವನೆ. ಬೆಳಿಗ್ಗೆ ನಾಲ್ಕು ನಿಮಿಷ, ಸಂಜೆ ಆರು ನಿಮಿಷ ಹಗ್ಗ ಹಿಡಿಯುವವರ ಶ್ರಮಕ್ಕೂ ಅದರಿಂದ ಲೆಕ್ಕ ಸಿಕ್ಕಿತು.

ಇನ್ನು ತೀವ್ರತೆಯ ಮಾತು. ಸುಮ್ಮನೆ ಕುಳಿತಾಗ ದೇಹ ಖರ್ಚು ಮಾಡುವ ಶಕ್ತಿಯನ್ನು ಒಂದು ಮೆಟ್ ಎಂದು ಹಿಡಿದು, ಬೇರೆ ಬೇರೆ ಚಟುವಟಿಕೆಗಳಿಗೆ ಅದರ ಎಷ್ಟು ಪಟ್ಟು ಬೇಕಾಗುತ್ತದೆ ಎಂದು ಅಳೆಯುವುದು ವ್ಯಾಯಾಮ ವಿಜ್ಞಾನದ ರೂಢಿ. ಮೂರರಿಂದ ಆರು ಮೆಟ್‌ವರೆಗಿನದು ಮಧ್ಯಮ, ಆರಕ್ಕೆ ಮೇಲ್ಪಟ್ಟದ್ದು ತೀವ್ರ. ಇಂತಹ ಅಳತೆಗಳನ್ನು ಒಟ್ಟುಗೂಡಿಸಿದ 2011ರ ಕೋಷ್ಟಕದಲ್ಲಿ ಗಂಟೆಗೆ ಐದೂವರೆ ಕಿಲೋಮೀಟರ್ ವೇಗದ ಬಿರುಸು ನಡಿಗೆಗೆ 4.3, ಗಂಟೆಗೆ ಎಂಟು ಕಿಲೋಮೀಟರ್ ಓಟಕ್ಕೆ 8.3, ನಿಂತುಕೊಂಡೇ ತುಳಿಯುವ ಎಲಿಪ್ಟಿಕಲ್ ಯಂತ್ರದ ಮೇಲೆ ಸಾಧಾರಣ ಶ್ರಮಕ್ಕೆ 5 ಮೆಟ್ ಎಂದಿದೆ. ಸ್ಕಿಪ್ಪಿಂಗ್‌ಗೆ ನಿಮಿಷಕ್ಕೆ ನೂರಕ್ಕಿಂತ ಕಡಿಮೆ ಸುತ್ತುಗಳ ನಿಧಾನಗತಿಯಲ್ಲಿ 8.8, ನೂರರಿಂದ ನೂರಿಪ್ಪತ್ತರ ಗತಿಯಲ್ಲಿ 11.8, ಅದಕ್ಕೂ ಹೆಚ್ಚಿನ ವೇಗದಲ್ಲಿ 12.3.

ಈ ಕೊನೆಯ ಮೂರು ಅಂಕಿಗಳನ್ನು ದಯವಿಟ್ಟು ಇನ್ನೊಮ್ಮೆ ಗಮನಿಸಿ. ಟ್ರೆಡ್‌ಮಿಲ್ಲಿನ ಗುಂಡಿ ಒತ್ತಿ ವೇಗವನ್ನು ಇಳಿಸಿದರೆ ಅದು ಮೂರು ಮೆಟ್‌ನ ಸೌಮ್ಯ ನಡಿಗೆಯಾಗುತ್ತದೆ, ಏರಿಸಿದರೆ ಹನ್ನೆರಡು ಮೆಟ್‌ನ ಕಠಿಣ ಓಟವಾಗುತ್ತದೆ. ಹಗ್ಗದಲ್ಲಿ ಆ ಸೌಲಭ್ಯವಿಲ್ಲ. ಅದರ ಅತ್ಯಂತ ನಿಧಾನಗತಿಯೇ ಜಾಗಿಂಗ್‌ನಷ್ಟು ಶ್ರಮ ಬೇಡುತ್ತದೆ. ಕಾರಣ ಸರಳವಾಗಿದೆ. ತೀರ ನಿಧಾನವಾಗಿ ತಿರುಗಿಸಿದರೆ ಹಗ್ಗ ತಲೆಯ ಮೇಲೆ ಕಮಾನಿನ ಆಕಾರ ಕಳೆದುಕೊಂಡು ಕುಸಿಯುತ್ತದೆ. ಸ್ವಲ್ಪ ನಿಧಾನವಾಗಿ ತಿರುಗಿಸಿದರೆ, ಹಗ್ಗ ಮತ್ತೆ ಕಾಲಿನ ಬಳಿ ಬರುವವರೆಗೆ ಕಾಯುತ್ತ ನಾವು ನಡುವೆ ಇನ್ನೊಂದು ಸಣ್ಣ ನೆಗೆತ ಹಾಕುತ್ತೇವೆ. ಹೀಗಾಗಿ ಹಗ್ಗದ ಸುತ್ತುಗಳು ಕಡಿಮೆಯಾದರೂ ಕಾಲಿನ ಕೆಲಸ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಮೇಲ್ತುದಿಯಲ್ಲೂ ಹೀಗೆಯೇ: ವೇಗ ಹೆಚ್ಚಿದಂತೆ ನೆಗೆತದ ಎತ್ತರ ತಗ್ಗುತ್ತದೆ, ಆದ್ದರಿಂದ ನೂರಿಪ್ಪತ್ತರಿಂದ ನೂರೈವತ್ತಕ್ಕೆ ಏರಿದರೂ ಖರ್ಚಾಗುವ ಶಕ್ತಿ ಅಷ್ಟಾಗಿ ಏರುವುದಿಲ್ಲ. ಒಟ್ಟಿನಲ್ಲಿ ವೇಗವನ್ನು ಹೆಚ್ಚು ಕಡಿಮೆ ಮಾಡಿ ಹಗ್ಗದ ಶ್ರಮವನ್ನು ನಿಯಂತ್ರಿಸಲು ಬರುವುದಿಲ್ಲ. ನಮ್ಮ ಕೈಯಲ್ಲಿರುವ ನಿಯಂತ್ರಣ ಒಂದೇ, ಅದು ವಿಶ್ರಾಂತಿ. ಎಷ್ಟು ಸೆಕೆಂಡು ನೆಗೆಯುತ್ತೇವೆ, ಎಷ್ಟು ಸೆಕೆಂಡು ನಿಲ್ಲುತ್ತೇವೆ ಎಂಬುದರಲ್ಲಿ ಈ ವ್ಯಾಯಾಮದ ಹದ ಅಡಗಿದೆ.

ಬಾಕ್ಸರ್‌ಗಳಿಗೆ ಇದು ಬಹಳ ಹಿಂದಿನಿಂದಲೂ ಗೊತ್ತು. ಅವರು ಹಗ್ಗವನ್ನೂ ಪಂದ್ಯದ ಗಡಿಯಾರಕ್ಕೇ ಹೊಂದಿಸಿಕೊಳ್ಳುತ್ತಾರೆ: ಮೂರು ನಿಮಿಷ ಹಗ್ಗ, ಒಂದು ನಿಮಿಷ ಬಿಡುವು, ಮತ್ತೆ ಮೂರು ನಿಮಿಷ. ವರ್ಷಗಟ್ಟಲೆ ಸಾಧನೆ ಮಾಡಿದ ಆ ದೇಹಗಳಿಗೇ ಬಿಡುವು ಬೇಕೆಂದ ಮೇಲೆ, ದಿನಕ್ಕೆ ಹತ್ತು ಗಂಟೆ ಕಂಪ್ಯೂಟರಿನ ಮುಂದೆ ಕೂರುವ ನಾವು ಮೊದಲ ದಿನವೇ ನಿಲ್ಲಿಸದೆ ಹತ್ತು ನಿಮಿಷ ನೆಗೆಯಲು ಹೊರಡುವುದು ಸರಿಯಾಗಲಾರದು. ಹೊರವರ್ತುಲ ರಸ್ತೆಯ ಕಚೇರಿಯೊಂದರಲ್ಲಿ ಕೆಲಸ ಮಾಡುವ ಯುವಕರೊಬ್ಬರು ಮೊಬೈಲಿನಲ್ಲಿ ನೋಡಿದ ಸವಾಲನ್ನು ನಂಬಿ, ದಿನಕ್ಕೆ ಸಾವಿರ ನೆಗೆತದಂತೆ ಮೊದಲ ದಿನದಿಂದಲೇ ಆರಂಭಿಸಿದ್ದರು. ಅವರು ನನ್ನ ಬಳಿ ಬಂದಾಗ ಮೊಣಕಾಲಿನ ಕೆಳಗೆ, ಮುಂಭಾಗದ ಎಲುಬಿನ ಒಳಅಂಚಿನುದ್ದಕ್ಕೂ ಬೆರಳು ಮುಟ್ಟಿದರೆ ಸಾಕು ನೋವಿತ್ತು, ಮೆಟ್ಟಿಲಿಳಿಯುವುದೂ ಕಷ್ಟವಾಗಿತ್ತು. ಅವರ ಉಸಿರು ಕಟ್ಟುತ್ತಿರಲಿಲ್ಲ, ಹೃದಯ ಚೆನ್ನಾಗಿಯೇ ಹೊಂದಿಕೊಂಡಿತ್ತು. ಸೋತದ್ದು ಕಾಲು. ಹೃದಯ ಮತ್ತು ಸ್ನಾಯುಗಳು ಕೆಲವೇ ವಾರಗಳಲ್ಲಿ ಹೊಸ ಶ್ರಮಕ್ಕೆ ಒಗ್ಗಿಕೊಳ್ಳುತ್ತವೆ, ಆದರೆ ರಕ್ತ ಸಂಚಾರ ಕಡಿಮೆಯಿರುವ ಸ್ನಾಯುರಜ್ಜುಗಳಿಗೆ, ಅದರಲ್ಲೂ ಹಿಮ್ಮಡಿಯನ್ನು ಮೀನಖಂಡಕ್ಕೆ ಕೂಡಿಸುವ ಅಕಿಲಿಸ್ ರಜ್ಜುವಿಗೆ, ತಿಂಗಳುಗಳೇ ಬೇಕು. ಮೂಳೆಗಳಿಗೂ ಅಷ್ಟೇ. ಉಸಿರಿಗೆ ಸುಲಭವೆನಿಸಿದ ಕೂಡಲೇ ಸಂಖ್ಯೆ ಏರಿಸುವವರು ಪೆಟ್ಟು ತಿನ್ನುವುದು ಈ ಅಂತರದಲ್ಲಿಯೇ. ನೆಗೆತಗಳನ್ನು ಎಣಿಸುವ ಚಟವನ್ನು ಮೊದಲ ಮೂರು ತಿಂಗಳಾದರೂ ಬಿಟ್ಟುಬಿಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಗಡಿಯಾರ ನೋಡಿ, ಸಂಖ್ಯೆ ಬೇಡ.

ಹಾಗಾದರೆ ಆರಂಭ ಹೇಗಿರಬೇಕು? ಐದು ನಿಮಿಷ ಓಡಾಡಿ, ಮೀನಖಂಡ ಮತ್ತು ಪಾದದ ಕೀಲುಗಳನ್ನು ಸಡಿಲಿಸಿಕೊಂಡ ಮೇಲೆ, ಇಪ್ಪತ್ತು ಸೆಕೆಂಡು ಹಗ್ಗ, ನಲವತ್ತು ಸೆಕೆಂಡು ನಿಂತಲ್ಲೇ ನಿಧಾನ ಹೆಜ್ಜೆ. ಇದು ಒಂದು ಸುತ್ತು. ಇಂತಹ ಹತ್ತು ಸುತ್ತುಗಳಿಗೆ ಹತ್ತು ನಿಮಿಷವಾಗುತ್ತದೆ, ಅದರಲ್ಲಿ ನಿಜವಾಗಿ ನೆಗೆದದ್ದು ಮೂರು ನಿಮಿಷ ಇಪ್ಪತ್ತು ಸೆಕೆಂಡು ಮಾತ್ರ. ದಿನ ಬಿಟ್ಟು ದಿನ, ವಾರಕ್ಕೆ ಮೂರು ಸಲ, ಎರಡು ವಾರ ಹೀಗೆಯೇ ಇರಲಿ. ಆಮೇಲೆ ಮೂವತ್ತು ಸೆಕೆಂಡು ಹಗ್ಗ, ಮೂವತ್ತು ಸೆಕೆಂಡು ಬಿಡುವು. ಕಾಲು ದೂರದಿದ್ದರೆ ಮುಂದೆ ಒಂದು ನಿಮಿಷಕ್ಕೆ ಅರ್ಧ ನಿಮಿಷದ ಬಿಡುವು. ಮೂರನೆಯ ಅಥವಾ ನಾಲ್ಕನೆಯ ತಿಂಗಳಿನಲ್ಲಿ ಬಾಕ್ಸರ್‌ಗಳ ಲೆಕ್ಕಕ್ಕೆ ಬರಬಹುದು: ಮೂರು ನಿಮಿಷ ಹಗ್ಗ, ಒಂದು ನಿಮಿಷ ವಿಶ್ರಾಂತಿ, ಒಟ್ಟು ಐದು ಸುತ್ತು. ಅಲ್ಲಿಗೆ ಇಪ್ಪತ್ತು ನಿಮಿಷದೊಳಗೆ ಹದಿನೈದು ನಿಮಿಷದ ತೀವ್ರ ವ್ಯಾಯಾಮವಾಯಿತು.

ವಾರಕ್ಕೆ ಐದು ದಿನ ಹೀಗೆ ಮಾಡಿದರೆ ಮಾರ್ಗಸೂಚಿಯ 75 ನಿಮಿಷ ತುಂಬುತ್ತದೆ ಎಂಬುದು ನಿಜ. ಆದರೂ ಮೂವತ್ತೈದು ದಾಟಿದವರಿಗೆ ನಾನು ಸೂಚಿಸುವುದು ಬೇರೆ ಲೆಕ್ಕವನ್ನು. ಒಂದು ನಿಮಿಷದ ತೀವ್ರ ವ್ಯಾಯಾಮ ಎರಡು ನಿಮಿಷದ ಮಧ್ಯಮ ವ್ಯಾಯಾಮಕ್ಕೆ ಸಮ ಎಂದು ಮಾರ್ಗಸೂಚಿ ಹಿಡಿಯುತ್ತದೆ. ವಾರಕ್ಕೆ ಮೂರು ದಿನ ಹದಿನೈದು ನಿಮಿಷ ಹಗ್ಗ ಎಂದರೆ 45 ನಿಮಿಷ, ಅದು 90 ನಿಮಿಷದ ನಡಿಗೆಗೆ ಸಮ. ಉಳಿದ 60 ನಿಮಿಷವನ್ನು ಎರಡು ದಿನ ಲಾಲ್‌ಬಾಗಿನಲ್ಲೋ ಕಬ್ಬನ್ ಪಾರ್ಕಿನಲ್ಲೋ ಮನೆ ಹತ್ತಿರದ ಉದ್ಯಾನದಲ್ಲೋ ಅರ್ಧರ್ಧ ಗಂಟೆ ಬಿರುಸಾಗಿ ನಡೆದು ತುಂಬಿದರೆ 150 ಆಯಿತು. ಕಾಲಿನ ರಜ್ಜುಗಳಿಗೆ ನಡುನಡುವೆ ಬಿಡುವೂ ಸಿಕ್ಕಿತು, ಮರಗಳ ನೆರಳಿನಲ್ಲಿ ನಾಲ್ಕು ಜನರ ಮುಖ ನೋಡಿದಂತೆಯೂ ಆಯಿತು.

ವಿಶ್ರಾಂತಿ ಸಾಕಾಯಿತೇ ಎಂದು ತಿಳಿಯಲು ಕೈಗಡಿಯಾರದ ನಾಡಿಮಾಪಕವೇ ಬೇಕೆಂದಿಲ್ಲ. ಉಸಿರು ಕಟ್ಟದೆ ಒಂದು ಇಡೀ ವಾಕ್ಯವನ್ನು ಜೋರಾಗಿ ಹೇಳಲು ಸಾಧ್ಯವಾದರೆ ಮುಂದಿನ ಸುತ್ತಿಗೆ ಹಗ್ಗ ಎತ್ತಬಹುದು, ಎರಡು ಮೂರು ಪದಕ್ಕೊಮ್ಮೆ ಉಸಿರೆಳೆಯಬೇಕಾಗಿದ್ದರೆ ಇನ್ನೂ ನಿಲ್ಲಬೇಕು. ಅಂಕಿಯೇ ಬೇಕೆನ್ನುವವರಿಗೆ ಹೇಳುವುದಾದರೆ, 220ರಲ್ಲಿ ವಯಸ್ಸನ್ನು ಕಳೆದರೆ ಬರುವುದು ಗರಿಷ್ಠ ನಾಡಿಮಿಡಿತದ ಸ್ಥೂಲ ಅಂದಾಜು. ನಲವತ್ತು ವರ್ಷದವರಿಗೆ ಅದು 180, ಅದರ ಶೇಕಡಾ 70ರಿಂದ 85 ಎಂದರೆ 126ರಿಂದ 153, ಅದು ತೀವ್ರ ವ್ಯಾಯಾಮದ ವಲಯ. ರಕ್ತದೊತ್ತಡಕ್ಕೆ ಮೆಟೊಪ್ರೊಲಾಲ್‌ನಂತಹ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ ನಾಡಿ ಏರುವುದನ್ನು ಆ ಮಾತ್ರೆಯೇ ತಡೆಯುವುದರಿಂದ ಅವರು ಈ ಲೆಕ್ಕವನ್ನು ನಂಬಬಾರದು. ಅವರಿಗೆ ಉಸಿರೇ ಸರಿಯಾದ ಅಳತೆ.

ಇಲ್ಲಿ ಒಂದು ಪ್ರಸಿದ್ಧ ಪ್ರಯೋಗದ ಬಗ್ಗೆ ಹೇಳಬೇಕು. ಹತ್ತು ನಿಮಿಷದ ಸ್ಕಿಪ್ಪಿಂಗ್ ಮೂವತ್ತು ನಿಮಿಷದ ಜಾಗಿಂಗ್‌ಗೆ ಸಮ ಎಂಬ ಮಾತನ್ನು ನೀವೆಲ್ಲ ಕೇಳಿರುತ್ತೀರಿ. ಅದರ ಮೂಲ 1968ರಲ್ಲಿ ಅಮೆರಿಕದ ಅರಿಜೋನಾದಲ್ಲಿ ನಡೆದ ಅಧ್ಯಯನ. ಕಾಲೇಜು ಹುಡುಗರ ಒಂದು ಗುಂಪು ಆರು ವಾರ ದಿನಕ್ಕೆ ಹತ್ತು ನಿಮಿಷ ಹಗ್ಗ ಆಡಿತು, ಇನ್ನೊಂದು ಗುಂಪು ದಿನಕ್ಕೆ ಮೂವತ್ತು ನಿಮಿಷ ಜಾಗಿಂಗ್ ಮಾಡಿತು. ಕೊನೆಯಲ್ಲಿ ಮೆಟ್ಟಿಲು ಹತ್ತಿಳಿಯುವ ಪರೀಕ್ಷೆಯಲ್ಲಿ ಎರಡೂ ಗುಂಪುಗಳ ಸುಧಾರಣೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಅಧ್ಯಯನ ಹೇಳಿದ್ದು ಇಷ್ಟೇ. ಆರೋಗ್ಯವಂತ ಯುವಕರು, ಆರೇ ವಾರ, ಒಂದೇ ಬಗೆಯ ಪರೀಕ್ಷೆ. ಇದನ್ನು ಎಲ್ಲ ವಯಸ್ಸಿನವರಿಗೂ ಎಲ್ಲ ಪ್ರಯೋಜನಗಳಿಗೂ ಹಿಗ್ಗಿಸಿ, ಮೂರು ಪಟ್ಟು ಕೊಬ್ಬು ಕರಗುತ್ತದೆ ಎಂದು ಹಗ್ಗದ ಪೊಟ್ಟಣದ ಮೇಲೆ ಅಚ್ಚು ಹಾಕುವುದು ನನಗೆ ಸರಿಕಾಣುವುದಿಲ್ಲ. ಮೆಟ್ ಲೆಕ್ಕವನ್ನೇ ತೆಗೆದುಕೊಂಡರೂ 60 ಕೆಜಿ ತೂಕದವರು ನಿಲ್ಲಿಸದೆ ಹತ್ತು ನಿಮಿಷ ನೆಗೆದಾಗ ಖರ್ಚಾಗುವುದು ಸುಮಾರು 118 ಕಿಲೋ ಕ್ಯಾಲೊರಿ, ಅದೇ ಹತ್ತು ನಿಮಿಷದ ಓಟಕ್ಕೆ ಸುಮಾರು 83. ಹಗ್ಗ ಮುಂದಿದೆ, ಮೂರು ಪಟ್ಟು ಮುಂದಿಲ್ಲ. ಬೆಳಿಗ್ಗೆ ತಿಂದ ಒಂದು ಮಸಾಲೆ ದೋಸೆಯೂ ಇದರಲ್ಲಿ ಕರಗುವುದಿಲ್ಲ. ಹೃದಯಕ್ಕೆ ಆಗುವ ಒಳಿತಿಗಾಗಿ ಹಗ್ಗ ಹಿಡಿಯುವವರಿಗೆ ಈ ಸಂಗತಿಯಿಂದ ನಿರಾಸೆಯಾಗಬೇಕಾಗಿಲ್ಲ.

ಹೃದಯದ ಹೊರತಾಗಿ ಇನ್ನೊಂದು ಕಾರಣಕ್ಕೆ ಹಗ್ಗ ನನಗೆ ಪ್ರಿಯ, ಅದು ಮೂಳೆ. ಮೂಳೆ ಜೀವಂತ ಅಂಗಾಂಶ, ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವುಲ್ಫ್ ಹತ್ತೊಂಬತ್ತನೆಯ ಶತಮಾನದಲ್ಲೇ ತೋರಿಸಿದ್ದರು. ಚಿಕ್ಕದಾದ, ಚುರುಕಾದ, ಮತ್ತೆ ಮತ್ತೆ ಬರುವ ಆಘಾತಗಳಿಗೆ ಅದು ಚೆನ್ನಾಗಿ ಸ್ಪಂದಿಸುತ್ತದೆ. ಸೈಕಲ್ ಯಂತ್ರದ ಮೇಲೆ ಕುಳಿತಾಗ, ಈಜುವಾಗ ಹೃದಯಕ್ಕೆ ಒಳ್ಳೆಯದಾಗುತ್ತದೆ, ಆದರೆ ಕಾಲಿನ ಮೂಳೆಗೆ ಇಂತಹ ಸಂದೇಶ ತಲುಪುವುದಿಲ್ಲ. ನಮ್ಮ ಮೂಳೆಗಳು ಸುಮಾರು ಮೂವತ್ತು ವರ್ಷದೊಳಗೆ ತಮ್ಮ ಗರಿಷ್ಠ ಸಾಂದ್ರತೆಯನ್ನು ಮುಟ್ಟುತ್ತವೆ, ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಅದು ವೇಗವಾಗಿ ಇಳಿಯುತ್ತದೆ. ಹೀಗಿರುವಾಗ ನಮ್ಮ ಊರುಗಳಲ್ಲಿ ಆಗುವುದನ್ನು ನೋಡಿ. ಶಾಲೆಯ ಅಂಗಳದಲ್ಲಿ ಹಗ್ಗದಾಟ, ಕುಂಟೆಬಿಲ್ಲೆ ಆಡುತ್ತಿದ್ದ ಹೆಣ್ಣುಮಗು ಏಳನೆಯ, ಎಂಟನೆಯ ತರಗತಿಗೆ ಬರುವಾಗ, ಅಂದರೆ ಮೂಳೆ ಅತ್ಯಂತ ಬಿರುಸಾಗಿ ಬೆಳೆಯುವ ವರ್ಷಗಳಲ್ಲಿಯೇ, ಇನ್ನು ಕುಣಿಯುವುದು ಸಾಕು ಎಂದು ಮನೆಯವರು ಹಗ್ಗವನ್ನು ಎತ್ತಿಡುತ್ತಾರೆ. ಆಟದ ಮೈದಾನ ಆ ಮೇಲೆ ಗಂಡುಮಕ್ಕಳದ್ದಾಗುತ್ತದೆ. ನನಗೆ ಇದು ಬಹಳ ನೋವಿನ ವಿಷಯ. ಈ ಸಭೆಯಲ್ಲಿರುವ ತಾಯಂದಿರು, ತಂದೆಯರು ಬೇರೇನೂ ಮಾಡದಿದ್ದರೂ ಮಗಳ ಕೈಯಿಂದ ಹಗ್ಗವನ್ನು ಕಸಿದುಕೊಳ್ಳದಿರಲಿ ಎಂದು ಕೇಳಿಕೊಳ್ಳುತ್ತೇನೆ.

ಈಗ ಹಗ್ಗವನ್ನೇ ಕೈಗೆತ್ತಿಕೊಳ್ಳೋಣ. ಅದರ ಉದ್ದ ಸರಿಯಿಲ್ಲದಿದ್ದರೆ ಉಳಿದದ್ದೆಲ್ಲ ಕೆಡುತ್ತದೆ. ಹಗ್ಗದ ನಡುಭಾಗವನ್ನು ಒಂದು ಪಾದದಿಂದ ಮೆಟ್ಟಿ, ಎರಡೂ ಹಿಡಿಗಳನ್ನು ಮೇಲಕ್ಕೆಳೆದಾಗ ಅವು ಕಂಕುಳಿನವರೆಗೆ ಬಂದರೆ ಕಲಿಯುವವರಿಗೆ ಸರಿಯಾದ ಅಳತೆ. ಕೈ ಪಳಗಿದ ಮೇಲೆ ಎದೆಯ ಮಟ್ಟಕ್ಕೆ ತಗ್ಗಿಸಬಹುದು. ಅಂಗಡಿಯಿಂದ ತಂದ ಹಗ್ಗ ಸಾಮಾನ್ಯವಾಗಿ ಉದ್ದವಾಗಿರುತ್ತದೆ, ಹಿಡಿಯೊಳಗಿನ ಗಂಟನ್ನು ಸರಿಸಿ ಚಿಕ್ಕದು ಮಾಡಿಕೊಳ್ಳಬೇಕು. ಉದ್ದ ಹಗ್ಗವನ್ನು ಹಾಗೆಯೇ ಬಳಸುವವರು ಅದನ್ನು ನಿಭಾಯಿಸಲು ತೋಳುಗಳನ್ನು ಅಗಲಿಸುತ್ತಾರೆ. ತೋಳು ಅಗಲಿಸಿದಷ್ಟೂ ಹಗ್ಗ ನೆಲದಿಂದ ಮೇಲೇಳುತ್ತದೆ, ಕಾಲಿಗೆ ಸಿಕ್ಕುತ್ತದೆ. ಬೆಳ್ಳಿಯಂತೆ ಹೊಳೆಯುವ ತೆಳ್ಳನೆಯ ಉಕ್ಕಿನ ತಂತಿಯ ಹಗ್ಗ ಕಲಿಯುವವರಿಗೆ ಬೇಡ. ಅದರ ವೇಗ ಅವರಿಗೆ ಒಗ್ಗುವುದಿಲ್ಲ, ಬರಿಗಾಲಿಗೆ ಬಡಿದರೆ ಬರೆ ಏಳುತ್ತದೆ. ಪ್ಲಾಸ್ಟಿಕ್ ಮಣಿ ಪೋಣಿಸಿದ ಹಗ್ಗವಾಗಲಿ, ಸ್ವಲ್ಪ ದಪ್ಪನೆಯ ಪಿವಿಸಿ ಹಗ್ಗವಾಗಲಿ ಒಳ್ಳೆಯದು, ಏಕೆಂದರೆ ಅದು ಎಲ್ಲಿದೆ ಎಂದು ಕೈಗೆ ತಿಳಿಯುವಷ್ಟು ತೂಕ ಅದಕ್ಕಿರುತ್ತದೆ. ಬೆಲೆಯೂ ಕೆಲವು ನೂರು ರೂಪಾಯಿ ಮೀರುವುದಿಲ್ಲ.

ಹಗ್ಗ ತಿರುಗಬೇಕಾದದ್ದು ಮಣಿಕಟ್ಟಿನಿಂದ, ಭುಜದಿಂದಲ್ಲ. ಮೊಣಕೈಗಳು ಪಕ್ಕೆಗೆ ಹತ್ತಿರವಿರಲಿ, ಕೈಗಳು ಸೊಂಟದ ಮಟ್ಟದಲ್ಲಿ ಸ್ವಲ್ಪ ಮುಂದಿರಲಿ, ನೋಟ ನೇರವಾಗಿರಲಿ. ಹಗ್ಗ ಹೆಚ್ಚು ದಪ್ಪವಿರುವುದಿಲ್ಲ, ಆದ್ದರಿಂದ ನೆಲದಿಂದ ಎರಡು ಮೂರು ಸೆಂಟಿಮೀಟರ್ ಎದ್ದರೆ ಸಾಕು. ಕಲಿಯುವವರು ಭಯದಿಂದ ಮೊಣಕಾಲು ಮಡಿಸಿ ಅಡಿ ಎತ್ತರಕ್ಕೆ ನೆಗೆಯುತ್ತಾರೆ, ಮೊಣಕಾಲು ನೋವಿನ ಮೂಲ ಬಹುಪಾಲು ಅಲ್ಲಿಯೇ ಇರುತ್ತದೆ. ಮುಂಗಾಲಿನ ಮೇಲೆ ಇಳಿದು, ಹಿಮ್ಮಡಿ ನೆಲವನ್ನು ಸೋಕಿತೋ ಇಲ್ಲವೋ ಎಂಬಷ್ಟರಲ್ಲಿ ಮತ್ತೆ ಏಳಬೇಕು. ಮೊಣಕಾಲು ಸೆಟೆಯದೆ ಸಡಿಲವಾಗಿರಬೇಕು. ನಾನು ಕಲಿಸುವಾಗ ಕಲಿಯುವವರ ಕಾಲಿಗಿಂತ ಹೆಚ್ಚಾಗಿ ಅವರು ಮಾಡುವ ಸದ್ದಿನ ಕಡೆ ಗಮನ ಕೊಡುತ್ತೇನೆ. ಹಗ್ಗ ನೆಲಕ್ಕೆ ತಾಗುವ ಟಪ್ ಎಂಬ ಸದ್ದು ಸ್ಪಷ್ಟವಾಗಿಯೂ ಪಾದದ ಸದ್ದು ಅದಕ್ಕಿಂತ ಮೆತ್ತಗೂ ಕೇಳಿಸಿದರೆ ಎಲ್ಲ ಸರಿಯಿದೆ. ಪಾದದಿಂದ ಧಪ್ ಧಪ್ ಎಂದು ಭಾರವಾದ ಸದ್ದು ಬರತೊಡಗಿದರೆ ಮೀನಖಂಡ ದಣಿದಿದೆ, ಹಿಮ್ಮಡಿಯ ಮೇಲೆ ಇಳಿಯುತ್ತಿದ್ದಾರೆ ಎಂದು ಅರ್ಥ, ಸುತ್ತು ಮುಗಿಯದಿದ್ದರೂ ಅಲ್ಲಿಗೇ ನಿಲ್ಲಿಸುತ್ತೇನೆ. ಮನೆಯಲ್ಲಿ ಒಬ್ಬರೇ ಮಾಡುವವರೂ ಕಿವಿಗೆ ಇಯರ್‌ಫೋನು ಹಾಕಿಕೊಳ್ಳದೆ ತಮ್ಮ ಸದ್ದನ್ನು ತಾವು ಕೇಳಿಸಿಕೊಳ್ಳುವುದು ಒಳ್ಳೆಯದು.

ಜಾಗದ ವಿಷಯದಲ್ಲಿ ಬೆಂಗಳೂರಿನವರು ಅದೃಷ್ಟವಂತರೂ ಹೌದು, ಅಲ್ಲವೂ ಹೌದು. ಒಂಬೈನೂರು ಮೀಟರ್ ಎತ್ತರದ ಈ ಊರಿನ ಬೆಳಗುಗಳು ವರ್ಷದ ಬಹುಪಾಲು ದಿನ ಹೊರಾಂಗಣ ವ್ಯಾಯಾಮಕ್ಕೆ ಹೇಳಿಮಾಡಿಸಿದಂತಿರುತ್ತವೆ. ಆದರೆ ಹದವಾದ ಮಣ್ಣಿನ ನೆಲ ಅಪರೂಪವಾಗುತ್ತಿದೆ. ಉದ್ಯಾನಗಳ ದಾರಿಗಳಿಗೆ ಕಲ್ಲುಚಪ್ಪಡಿ, ಇಂಟರ್‌ಲಾಕ್ ಇಟ್ಟಿಗೆ ಹಾಸಿರುತ್ತಾರೆ, ಅವು ಗಟ್ಟಿಯಾಗಿಯೂ ಏರುಪೇರಾಗಿಯೂ ಇರುತ್ತವೆ. ಸಮತಟ್ಟಾದ ಗಟ್ಟಿ ಮಣ್ಣು ಸಿಕ್ಕರೆ ಅದೇ ಉತ್ತಮ. ತಾರಸಿಯಾದರೆ ಶೂ ಇಲ್ಲದೆ ಬೇಡ, ಮುಂಗಾಲಿನಡಿ ಮೆತ್ತೆಯಿರುವ ಶೂ ಬೇಕು, ಹವಾಯಿ ಚಪ್ಪಲಿ ಖಂಡಿತ ಬೇಡ. ಮಳೆಗಾಲದಲ್ಲಿ ತಾರಸಿಯ ಮೇಲೆ ಪಾಚಿ ಕಟ್ಟಿರುತ್ತದೆ, ಅಲ್ಲಿ ಜಾರಿ ಬಿದ್ದವರು ತಿಂಗಳುಗಟ್ಟಲೆ ಮಲಗಬೇಕಾಗುತ್ತದೆ. ಹಳೆಯ ಮನೆಗಳ ಮುಂಭಾಗದಲ್ಲಿ ಸಂಪ್ ಇರುತ್ತದೆಯಲ್ಲ, ಅದರ ಮುಚ್ಚಳದ ಮೇಲೆ ಅಥವಾ ಅದರ ಚಪ್ಪಡಿಯ ಮೇಲೆ ಯಾರೂ ನೆಗೆಯಬೇಡಿ. ಒಳಗೆ ಕಬ್ಬಿಣ ತುಕ್ಕು ಹಿಡಿದಿದ್ದರೆ ಮೇಲಿನಿಂದ ಕಾಣುವುದಿಲ್ಲ. ಮನೆಯೊಳಗೆ ನೆಗೆಯುವವರು ಫ್ಯಾನಿನ ಕೆಳಗೆ ನಿಲ್ಲಬಾರದು. ಡಿಸೆಂಬರ್, ಜನವರಿಯ ಚಳಿಯಲ್ಲಿ ಮೀನಖಂಡ ಬಿಗಿದಿರುತ್ತದೆ, ಆಗ ಐದು ನಿಮಿಷದ ಪೂರ್ವಸಿದ್ಧತೆಯನ್ನು ಹತ್ತಕ್ಕೆ ಏರಿಸಿ.

ಯಾರು ಹಗ್ಗ ಹಿಡಿಯಬಾರದು ಎಂಬುದನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ನಮ್ಮನ್ನು ಅಗಲಿದ ಮೇಲಿನ ದಿನಗಳಲ್ಲಿ ಜಯದೇವ ಹೃದ್ರೋಗ ಸಂಸ್ಥೆಗೆ ತಪಾಸಣೆಗಾಗಿ ಜನ ಮುಗಿಬಿದ್ದದ್ದು ನಿಮಗೆ ನೆನಪಿದೆ. ಆ ದುಃಖದಲ್ಲಿ ವ್ಯಾಯಾಮವೇ ಅಪಾಯ ಎಂಬ ಭಯವೂ ಹಬ್ಬಿತು. ಒಬ್ಬರ ಸಾವಿನಿಂದ ಅಂತಹ ತೀರ್ಮಾನಕ್ಕೆ ಬರುವುದು ಸಲ್ಲದು, ನಿಯಮಿತ ವ್ಯಾಯಾಮ ಒಟ್ಟಾರೆ ಹೃದಯಾಘಾತದ ಸಂಭವವನ್ನು ತಗ್ಗಿಸುತ್ತದೆ. ಆದರೆ ತಪಾಸಣೆ ಮಾಡಿಸಿಕೊಳ್ಳಬೇಕೆಂಬ ಎಚ್ಚರ ಸರಿಯಾದದ್ದೇ. ಆಗಲೇ ಹೇಳಿದಂತೆ ಹಗ್ಗದ ಮೊದಲ ನಿಮಿಷವೇ ತೀವ್ರ ವ್ಯಾಯಾಮ. ಆದ್ದರಿಂದ ಹೃದ್ರೋಗವಿರುವವರು, ಹತೋಟಿಗೆ ಬಾರದ ರಕ್ತದೊತ್ತಡವಿರುವವರು, ನಡೆಯುವಾಗ ಎದೆನೋವು ಅಥವಾ ತಲೆಸುತ್ತು ಬರುವವರು, ಕುಟುಂಬದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಕಂಡವರು ವೈದ್ಯರನ್ನು ಕೇಳದೆ ಆರಂಭಿಸಬಾರದು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೂ, ಕಣ್ಣಿನ ಅಕ್ಷಿಪಟಲದಲ್ಲಿ ಮಧುಮೇಹದ ತೊಂದರೆ ಮುಂದುವರಿದವರಿಗೂ ನೆಗೆತ ಹಾನಿ ಮಾಡಬಹುದು. ಮೊಣಕಾಲಿನ ಸಂಧಿವಾತ ಬಲಿತವರು, ಮೂಳೆ ಸವೆತ ಪತ್ತೆಯಾದವರು, ಗರ್ಭಿಣಿಯರು ನಡಿಗೆಯನ್ನೇ ಆರಿಸಿಕೊಳ್ಳಲಿ. ಹೆರಿಗೆಯಾದವರು ಕನಿಷ್ಠ ಮೂರು ತಿಂಗಳು ಕಾಯಬೇಕು. ನೆಗೆದಾಗ ಮೂತ್ರ ಜಿನುಗುವ ತೊಂದರೆಯನ್ನು ಅನೇಕ ಹೆಂಗಸರು ಯಾರಿಗೂ ಹೇಳದೆ ನುಂಗಿಕೊಳ್ಳುತ್ತಾರೆ. ಅದು ಶ್ರೋಣಿಯ ತಳದ, ಅಂದರೆ ಕಿಬ್ಬೊಟ್ಟೆಗೆ ಕೆಳಗಿನಿಂದ ಆಧಾರ ಕೊಡುವ ಸ್ನಾಯುಗಳು ಸಡಿಲಗೊಂಡಿರುವುದರ ಲಕ್ಷಣ, ಅದಕ್ಕೆ ಸೂಕ್ತ ವ್ಯಾಯಾಮಗಳಿವೆ, ಫಿಸಿಯೋಥೆರಪಿ ತಜ್ಞರು ಕಲಿಸಿಕೊಡುತ್ತಾರೆ.

ಮೇಲೆ ಹೇಳಿದವರಿಗೆಲ್ಲ ಯಂತ್ರಗಳು ನಿಜವಾದ ಉಪಕಾರ ಮಾಡುತ್ತವೆ. ತೂಕ ಹೆಚ್ಚಿರುವವರಿಗೆ ಕುಳಿತು ತುಳಿಯುವ ಸೈಕಲ್ ಮೊಣಕಾಲನ್ನು ಉಳಿಸುತ್ತದೆ. ಶ್ರಮವನ್ನು ಅಳೆದು ಕೊಡಬೇಕಾದಲ್ಲಿ ಟ್ರೆಡ್‌ಮಿಲ್ಲಿಗೆ ಸಾಟಿಯಿಲ್ಲ. ಆಸ್ಪತ್ರೆಯಲ್ಲಿ ನಡೆಸುವ ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಮೇಲಿನ ಹೃದಯ ಪರೀಕ್ಷೆ, ನಿಂತಿರುವುದೇ ಆ ಗುಣದ ಮೇಲೆ. ಅಮೆರಿಕದ ವೈದ್ಯ ರಾಬರ್ಟ್ ಬ್ರೂಸ್ 1963ರಲ್ಲಿ ಪ್ರಕಟಿಸಿದ, ಇಂದಿಗೂ ಬಳಕೆಯಲ್ಲಿರುವ ಕ್ರಮದಲ್ಲಿ ಮೂರು ನಿಮಿಷಕ್ಕೊಮ್ಮೆ ವೇಗವನ್ನೂ ಇಳಿಜಾರನ್ನೂ ಏರಿಸುತ್ತ ಹೃದಯ ಎಲ್ಲಿಯವರೆಗೆ ತಾಳುತ್ತದೆ ಎಂದು ನೋಡುತ್ತಾರೆ. ಅಂತಹ ಮಟ್ಟಮಟ್ಟವಾದ ಏರಿಕೆ ಹಗ್ಗದಲ್ಲಿ ಸಾಧ್ಯವಿಲ್ಲ. ಆದರೆ ಯಂತ್ರದ ಪರದೆ ತೋರಿಸುವ ಕ್ಯಾಲೊರಿ ಸಂಖ್ಯೆಯನ್ನು ಪೂರ್ತಿ ನಂಬಬೇಡಿ, ಅದರಲ್ಲೂ ಮುಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದು ನಡೆಯುವವರಿಗೆ ಅದು ಸುಳ್ಳು ಲೆಕ್ಕ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ದಾಖಲಿಸುತ್ತೇನೆ.

ಸ್ಕಿಪ್ಪಿಂಗ್‌ನಿಂದ ಹೊಟ್ಟೆಯ ಕೊಬ್ಬು ಕರಗುತ್ತದೆಯೇ ಎಂದು ಒಬ್ಬರು ಕೇಳಿದರು. ದೇಹದ ಇಂತಹ ಭಾಗದ ಕೊಬ್ಬನ್ನೇ ಕರಗಿಸುವ ವ್ಯಾಯಾಮ ಯಾವುದೂ ಇಲ್ಲ. ಊಟದ ಹತೋಟಿಯ ಜೊತೆಗೆ ಮಾಡಿದರೆ ಇಡೀ ದೇಹದ ಕೊಬ್ಬು ಇಳಿಯುತ್ತದೆ, ಅದರಲ್ಲಿ ಹೊಟ್ಟೆಯದೂ ಸೇರಿರುತ್ತದೆ.

ಹಿರಿಯರೊಬ್ಬರು, ಗರಡಿಮನೆಯಲ್ಲಿ ಸಾಮು ಮಾಡಿದವರು, ದಂಡ ಬಸ್ಕಿಯಿದ್ದರೆ ಹಗ್ಗ ಏಕೆ ಎಂದು ಕೇಳಿದರು. ಒಂದು ಇನ್ನೊಂದರ ಜಾಗ ತುಂಬುವುದಿಲ್ಲ. ದಂಡ, ಬಸ್ಕಿ ಮುಖ್ಯವಾಗಿ ಬಲದ ವ್ಯಾಯಾಮಗಳು, ಮಾರ್ಗಸೂಚಿ ಹೇಳುವ ವಾರದ ಆ ಎರಡು ದಿನಕ್ಕೆ ಅವು ಬಹಳ ಯೋಗ್ಯ. ಬಸ್ಕಿಯಿಂದ ಗಟ್ಟಿಯಾದ ತೊಡೆ ಹಗ್ಗದಲ್ಲಿ ಮೊಣಕಾಲನ್ನು ಕಾಪಾಡುತ್ತದೆ. ಹಗ್ಗವಿಲ್ಲದ ದಿನಗಳಲ್ಲಿ ಅವನ್ನು ಮಾಡಿ ಎಂದೇ ನಾನು ಹೇಳುವುದು.

ಮೂರನೆಯವರು ಅಪಾರ್ಟ್‌ಮೆಂಟಿನ ಐದನೆಯ ಮಹಡಿಯಲ್ಲಿರುವ ಗೃಹಿಣಿ. ಕೆಳಗಿನ ಮನೆಯವರು ಸದ್ದಿಗೆ ಆಕ್ಷೇಪಿಸುತ್ತಾರೆ, ಏನು ಮಾಡಲಿ ಎಂದು ಕೇಳಿದರು. ಯೋಗದ ಚಾಪೆ ಇದಕ್ಕೆ ಆಗುವುದಿಲ್ಲ, ಅದು ತೆಳ್ಳಗೆ, ಹಗ್ಗ ಸಿಕ್ಕಿಕೊಂಡು ಚಾಪೆಯೇ ಸರಿದುಹೋಗುತ್ತದೆ. ಜಿಮ್‌ಗಳಲ್ಲಿ ಹಾಸುವಂತಹ ದಪ್ಪ ರಬ್ಬರ್ ಹಾಸು ಸದ್ದನ್ನು ಸ್ವಲ್ಪ ಕಡಿಮೆ ಮಾಡುತ್ತದೆ, ಪೂರ್ತಿ ಇಲ್ಲವಾಗಿಸುವುದಿಲ್ಲ. ನೆಲಮಹಡಿಯ ವಾಹನ ನಿಲ್ದಾಣದ ಮೂಲೆ, ಅಥವಾ ಬೀಗ ತೆರೆಸಿಕೊಳ್ಳಲು ಸಾಧ್ಯವಾದರೆ ತಾರಸಿ ಹೆಚ್ಚು ಸೂಕ್ತ. ಅದೂ ಆಗದಿದ್ದರೆ ತುದಿಯಲ್ಲಿ ಚಿಕ್ಕ ಗುಂಡುಗಳಿರುವ, ನೆಲ ಮುಟ್ಟದ ಗಿಡ್ಡ ಹಗ್ಗಗಳು ಸಿಗುತ್ತವೆ. ಅವನ್ನು ಹಿಡಿದು ಎರಡೂ ಕಾಲು ಒಟ್ಟಿಗೆ ಎತ್ತದೆ, ನಿಂತಲ್ಲೇ ಓಡಿದಂತೆ ಒಂದಾದ ಮೇಲೊಂದು ಕಾಲನ್ನು ಮೆತ್ತಗೆ ಇಡುತ್ತ ಹೋದರೆ ಹೃದಯಕ್ಕೆ ಸಾಕಷ್ಟು ಕೆಲಸವಾಗುತ್ತದೆ, ಸದ್ದೂ ತಗ್ಗುತ್ತದೆ. ಕಾಲಿಗೆ ಸಿಕ್ಕುವ ಹಗ್ಗವಿಲ್ಲದ್ದರಿಂದ ಲಯ ಸಡಿಲಾಗುವುದು ಅದರ ಒಂದೇ ಕೊರತೆ. ಮೊಬೈಲಿನಲ್ಲಿ ಸಮನಾದ ತಾಳ ನುಡಿಸುವ ಮೆಟ್ರೊನೋಮ್ ಹಾಕಿಕೊಂಡು ನಿಮಿಷಕ್ಕೆ ನೂರಿಪ್ಪತ್ತರ ತಾಳಕ್ಕೆ ಹೆಜ್ಜೆ ಹೊಂದಿಸಿಕೊಳ್ಳಿ, ಸುತ್ತು ಮತ್ತು ಬಿಡುವುಗಳ ಲೆಕ್ಕ ಮಾತ್ರ ಮೊದಲು ಹೇಳಿದಂತೆಯೇ ಇರಲಿ ಎಂದು ಅವರಿಗೆ ತಿಳಿಸಿದೆ.